ತೂತು, ಒಟ್ಟೆ, ಓಟ್ಟ

ಕುಂಜತ್ತೂರಿನಲ್ಲಿ ಅಂದುಂಞಿಯ ಗ್ಯಾರೇಜಿಗೆ ಬೋರ್ಡಿಲ್ಲ.
ಹಳೇ ಟಯರೊಂದು ನೇತಾಡುತ್ತದೆ, ಅದೇ ವಿಳಾಸ.
ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು
"ಹೋಲ್ಡರೂ ತೆಗೀಬೇಕಾ ಟೀಚರೇ?" ಅನ್ನುತ್ತಾನೆ.
ನಾನು ಟೀಚರಲ್ಲ. ರಕ್ತ ತೆಗೆಯುವವಳು.
ಹನ್ನೊಂದು ವರ್ಷದಿಂದ ಹೇಳಿ ಸಾಕಾಗಿದೆ;
ಕನ್ನಡ ಮಾತಾಡುವ ಹೆಂಗಸರೆಲ್ಲ ಅವನಿಗೆ ಟೀಚರೇ.

ತೆಗಿ ಮಾರಾಯ, ಅಂದೆ.
ಕಪ್ಪು ಪ್ಲಾಸ್ಟಿಕ್ಕಿನ ಚೌಕಟ್ಟು,
ಕೆಳಗಂಚಿನಲ್ಲಿ ಮಂಗಳೂರಿನ ಶೋರೂಮಿನ ಹೆಸರು,
ಅರ್ಧ ಸವೆದ ಫೋನ್ ನಂಬರು, ಈಗ ಯಾರೂ ಎತ್ತದ್ದು.

ಕೆಎ ಹತ್ತೊಂಬತ್ತು ಹೋಗಿ ಕೆಎಲ್ ಹದಿನಾಲ್ಕು.
ಒಂದಕ್ಷರ ಬದಲು, ಐದು ಕಳೆ.
ಒಂದನೇ ಕ್ಲಾಸಿನ ಲೆಕ್ಕ.
ಎರಡು ಆಫೀಸು ಸೇರಿ ಮಾಡುವುದಕ್ಕೆ ಏಳು ತಿಂಗಳು ಹಿಡಿಯಿತು.

ಮೊದಲೆರಡು ಸ್ಕ್ರೂ ಬಂದವು, ಒಳ್ಳೆಯ ಮನೆಯ ಮಕ್ಕಳ ಹಾಗೆ.
ಮೂರನೆಯದು ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ,
ಬರುವುದಿಲ್ಲ.
ಎಣ್ಣೆ ಬಿಟ್ಟ. ಕಾದ. ಬೀಡಿ ಹಚ್ಚಿದ.
ನಾಲ್ಕನೆಯ ಜಾಗದಲ್ಲಿ ಸ್ಕ್ರೂವೇ ಇರಲಿಲ್ಲ,
ಯಾರೋ ತಂತಿ ಸುತ್ತಿದ್ದರು, ನನಗಿಂತ ಮೊದಲಿನವರು.

ದಿನಾ ಬೆಳಿಗ್ಗೆ ಈ ಪ್ಲೇಟು ಮುಂದೆ ಮಾಡಿಕೊಂಡು
ತಲಪಾಡಿ ದಾಟಿದ್ದೇನೆ.
ಹಿಂದಿನ ಸೀಟಿನ ಐಸು ಪೆಟ್ಟಿಗೆಯಲ್ಲಿ
ಕುಂಞಿಪಾತುಮ್ಮನ ಸಕ್ಕರೆ, ಲಿಲ್ಲಿ ಬಾಯಿಯ ಥೈರಾಯ್ಡು,
ಸಂಕಪ್ಪಣ್ಣನ ಕ್ರಿಯಾಟಿನಿನ್.
ಗೇಟಿನವರು ಮೊದಲು ಪ್ಲೇಟು ಓದುತ್ತಿದ್ದರು, ಆಮೇಲೆ ಮುಖ.
ಕೆಲವು ದಿನ ಮುಖದ ತನಕ ಬರುತ್ತಲೇ ಇರಲಿಲ್ಲ.

ದಾರಿಗೆ ಮಣ್ಣು ಸುರಿದ ಆ ಎಪ್ರಿಲಿನಲ್ಲಿ
ಸಂಕಪ್ಪಣ್ಣನನ್ನು ಕೂರಿಸಿಕೊಂಡು
ಮಣ್ಣಿನ ದಿಬ್ಬದವರೆಗೆ ಹೋಗಿ ತಿರುಗಿ ಬಂದದ್ದೂ
ಇದೇ ಕೆಎ ಹೊತ್ತು.
ಅದು ಈಗ ಬೇಡ.
ಆಮೇಲೆ ಕಾರು ಅಂಗಳದ ಗೇರುಮರದಡಿ
ಐವತ್ತೆರಡು ದಿನ ನಿಂತಿತ್ತು.

ಟಕ್ಕೆಂದು ಹೋಲ್ಡರು ಕೈಗೆ ಬಂತು.
ಅದರಡಿಯ ನೀಲಿಯನ್ನು ನಾನು ನೋಡಿಯೇ ಇರಲಿಲ್ಲ:
ಬಿಸಿಲು ಮುಟ್ಟದ್ದು, ಶೋರೂಮಿನದು,
ಬಳೆ ತೆಗೆದ ಮಣಿಕಟ್ಟಿನ ಹಾಗೆ ಬೇರೆಯದೇ ಬಣ್ಣ.

"ಟೀಚರೇ, ಇಲ್ಲಿ ನೋಡಿ."
ಹೋಲ್ಡರಿನ ಬೆನ್ನಿಗೆ ಕುಂಬಾರ ಹುಳುವಿನ ಗೂಡು.
ಕೆಂಪು ಮಣ್ಣು, ಹೆಬ್ಬೆರಳಷ್ಟು, ಒಳ್ಳೆಯ ಗಿಲಾವು.
ಒಡೆಯುವ ಮೊದಲು ಅಂದುಂಞಿ ಕಿವಿಗೆ ಹಿಡಿದ.
ನನ್ನ ಕಿವಿಗೂ ಹಿಡಿದ.
ಸದ್ದಿಲ್ಲ. ತುದಿಯಲ್ಲಿ ಹಾರಿಹೋದ ಗುರುತು.
ಕಾರು ನಿಂತಿದ್ದ ಆ ದಿನಗಳಲ್ಲಿ ಕಟ್ಟಿದ್ದಿರಬೇಕು.
ಮಣ್ಣು ನನ್ನ ಅಂಗಳದ್ದೋ, ಆ ದಿಬ್ಬದ್ದೋ,
ಹುಳು ಯಾವ ಕಡೆ ತಿರುಗಿ ಹಾರಿತೋ.
ಎನ್ಒಸಿ ಕೇಳಲು ಯಾರೂ ಇರಲಿಲ್ಲ, ಅಷ್ಟು ಗೊತ್ತು.

"ಅಲೈನ್‌ಮೆಂಟ್ ಎಳೀತದಾ, ಒಂದು ರೌಂಡು ನೋಡಿ ಬನ್ನಿ,
ಅಷ್ಟರಲ್ಲಿ ಡ್ರಿಲ್ ಹುಡುಕ್ತೇನೆ."
ನಂಬರಿಲ್ಲದ ಕಾರು, ಒಳಗೆ ನಾನು,
ರೈಲು ಗೇಟಿನವರೆಗೆ ಮಾತ್ರ.
ಪಾಗಾರದ ಮೇಲೆ ಒಬ್ಬ ಪೋರ
ಹೋಗಿಬರುವ ಗಾಡಿಗಳ ನಂಬರು ಕೂಗುತ್ತಿದ್ದ.
ನನ್ನ ಸರದಿ ಬಂದಾಗ ಬಾಯಿ ತೆರೆದ,
ಹುಡುಕಿದ,
ಲೋಗೋ ಒಂದೇ ಸಿಕ್ಕಿತು.
"ಎಸ್!" ಅಂತ ಕೂಗಿದ.
ನಾನು ಹಾರ್ನ್ ಹೊಡೆದೆ.

ಹೊಸ ಪ್ಲೇಟಿನ ಅಳತೆ ಬೇರೆ.
ಕೂರಿಸಿದ ಮೇಲೂ ಹಳೆಯವು ಎರಡು ಹೊರಗೇ ಉಳಿದವು.
"ಈ ಓಟ್ಟ ಮುಚ್ಚಬೇಕಾ?" ಅಂತ ಅಂದುಂಞಿ.
ಒಟ್ಟೆ ಅನ್ನುತ್ತಿದ್ದರು ನನ್ನ ಅಮ್ಮ.
ತೂತು ಅಂತ ನನ್ನ ಪಾಠಪುಸ್ತಕ.
ಬಿಡು, ಗಾಳಿಗೆ ಮೂರೂ ತಿಳಿಯುತ್ತದೆ.

ಹೋಲ್ಡರನ್ನು ಅವನೇ ಇಟ್ಟುಕೊಂಡ,
ಮಗಳ ಟೈಂಟೇಬಲ್ ಸಿಕ್ಕಿಸಲಿಕ್ಕೆ.

ನಲವತ್ತು ದಾಟಿದರೆ ಈಗ
ಬಂಪರಿನಿಂದ ಸಣ್ಣಗೆ ಶಿಳ್ಳೆ ಕೇಳುತ್ತದೆ.
ತಲಪಾಡಿ ಹತ್ತಿರ ವೇಗ ಇಳಿಸಬೇಕು,
ಅಲ್ಲಿ ನಿಲ್ಲುತ್ತದೆ.
ದಾಟಿದ ಮೇಲೆ ಮತ್ತೆ.